ಮಜ್ಜಿಗೆ ಕಡೆಯದ ಅತ್ತಿ

ನಿಮಗೆ ಎಂದಾದರೂ ಕೈ ಮುರಿದಿತ್ತಾ? ಕೈಯೋ, ಕಾಲೋ, ಏನೋ ಒಂದು. ಮುರಿದಾಗ ನೋವಾಗುತ್ತದೆ, ಅದು ಎಲ್ಲರಿಗೂ ಗೊತ್ತು. ನಾನು ಕೇಳುತ್ತಿರುವುದು ಅದಲ್ಲ. ಎಲುಬು ಕೂಡಿ, ಪ್ಲಾಸ್ಟರ್ ಬಿಚ್ಚಿ, ಡಾಕ್ಟರು "ಎಲ್ಲಾ ಸರಿ ಆತು, ಹೋಗ್ರಿ" ಅಂದ ಮೇಲೆ ಮನೆಗೆ ಬಂದು ನೋಡಿದರೆ, ಆ ಕೈ ನಿಮ್ಮ ಮಾತೇ ಕೇಳದೆ ಬೀಗರ ಮನೆಯಿಂದ ಬಂದ ಅತಿಥಿಯ ಹಾಗೆ ಬಿಗಿದುಕೊಂಡು ಕೂತಿರುತ್ತದಲ್ಲ, ಅದು ನಿಮಗೆ ಆಗಿತ್ತಾ? ಆಗಿದ್ದರೆ ಓದಿ. ಆಗಿಲ್ಲದಿದ್ದರೂ ಓದಿ. ನಾಳೆ ಯಾರು ಯಾವ ಬಚ್ಚಲಲ್ಲಿ ಜಾರುತ್ತಾರೋ ಯಾರಿಗೆ ಗೊತ್ತು?

ಮೊನ್ನೆ ನನ್ನ ಎಡಭುಜ ಹಿಡಿದುಕೊಂಡಿತು. ಮಗಳು ಬೈದು ಫಿಸಿಯೋಥೆರಪಿಗೆ ಕರೆದುಕೊಂಡು ಹೋದಳು. ಅಲ್ಲಿ ಗೋಡೆಗೆ ಒಂದು ಗಾಲಿ, ಗಾಲಿಯ ಮೇಲೆ ಹಗ್ಗ, ಹಗ್ಗದ ಎರಡು ತುದಿಗೆ ಎರಡು ಹಿಡಿಕೆ. ಅಲ್ಲಿ ಥೆರಪಿ ಮಾಡಿಸುವ ಹುಡುಗಿ ಹೇಳಿತು, "ಆಂಟಿ, ಚೆನ್ನಾಗಿರೋ ಕೈಯಿಂದ ಎಳೀರಿ, ನೋವಿರೋ ಕೈ ತಾನೇ ಮೇಲಕ್ಕೆ ಹೋಗುತ್ತೆ." ನನಗೆ ನಗು ತಡೆಯಲಾಗಲಿಲ್ಲ. "ಯಾಕೆ ಆಂಟಿ?" ಎಂದಿತು. "ಏನಿಲ್ಲವ್ವಾ, ಇದು ನಮ್ಮತ್ತಿಯ ಕಡಗೋಲಿನ ಹಗ್ಗ. ಮೊಸರೊಂದೇ ಇಲ್ಲ" ಎಂದೆ. ಪಾಪ, ಅದಕ್ಕೆ ಏನೂ ತಿಳಿಯಲಿಲ್ಲ. ನಿಮಗೆ ತಿಳಿಯುವ ಹಾಗೆ ಹೇಳುತ್ತೇನೆ.

ಅರವತ್ತರ ದಶಕದಲ್ಲಿ ಇಡೀ ಹಿರೇಕೆರೂರು ತಾಲೂಕಿನಲ್ಲಿ ನಮ್ಮತ್ತಿಯಷ್ಟು ಸೋಮಾರಿ ಹೆಂಗಸು ಇನ್ನೊಬ್ಬಳಿರಲಿಲ್ಲ. ಇದನ್ನು ನಾನು ಹೇಳಿದರೆ ನೀವು ನಂಬಲಿಕ್ಕಿಲ್ಲ, ಆದರೆ ಊರಿಗೆ ಊರೇ ಹೇಳುತ್ತಿತ್ತು. ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ. ಕೊಟ್ಟದ್ದು ಮಾಸೂರಿಗೆ. ಮಾವನಿಗೆ ಮದಗದ ಕೆರೆಯ ಕೆಳಗೆ ಭತ್ತದ ಗದ್ದೆ, ಕೊಟ್ಟಿಗೆಯಲ್ಲಿ ಎರಡು ಎಮ್ಮೆ. ಎರಡು ಎಮ್ಮೆ ಎಂದರೆ ದಿನಾ ಒಂದು ದೊಡ್ಡ ಗಡಿಗೆ ಮೊಸರು. ಆ ಮೊಸರನ್ನು ಅತ್ತಿ ಒಂದು ದಿನವಾದರೂ ತಾನು ಕಡೆದದ್ದನ್ನು ಯಾರೂ ಕಂಡವರಿಲ್ಲ. ಬೀಸುಕಲ್ಲಿನ ಗೂಟಕ್ಕೆ ಕೈ ಹಚ್ಚಿದ್ದನ್ನು ಕಂಡವರಿಲ್ಲ. ಬೆಕ್ಕಿಗೆ ಸಿಗಬಾರದೆಂದು ಜಂತಿಗೆ ಹಗ್ಗದಿಂದ ತೂಗುಬಿಡುತ್ತಾರಲ್ಲ ನೆಲುವು, ಅದರೊಳಗಿನ ಬೆಣ್ಣೆಯ ಗಡಿಗೆಯನ್ನು ಇಳಿಸಿದ್ದನ್ನೂ ಕಂಡವರಿಲ್ಲ. ಆಳೇನು ಸಣ್ಣದಲ್ಲ, ಮಾವನಿಗಿಂತ ನಾಲ್ಕು ಬೆರಳು ಎತ್ತರ. ಕಟ್ಟೆಯ ಮೇಲೆ ಕೂತು ಹೇಳಿಬಿಡುವುದು, ಅಷ್ಟೇ. ಹಾಗಾದರೆ ಮನೆಗೆಲಸ ಮಾಡುತ್ತಿದ್ದವರು ಯಾರು?

ಸುತ್ತಲಿನ ಊರುಗಳ ರೋಗಿಗಳು!

ಮಾವ ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದ. "ನಮ್ಮನಿಗೆ ಆಳು ಬ್ಯಾಡ್ರಿಪಾ. ಊರಾಗ ಯಾರರ ಬಿದ್ರ ಸಾಕು, ನಮ್ಮನಿ ಕೆಲಸ ಮುಗೀತು."

ಅತ್ತಿ ನಾಟಿ ವೈದ್ಯಳಲ್ಲ. ಎಲುಬು ಕಟ್ಟುವವಳಲ್ಲ, ಎಣ್ಣೆ ತಿಕ್ಕುವವಳಲ್ಲ, ಬೇರು ತೇಯುವವಳಲ್ಲ, ಮಂತ್ರ ಹಾಕುವವಳೂ ಅಲ್ಲ. ಬಿದ್ದು ಹಸಿ ಗಾಯ ಇಟ್ಟುಕೊಂಡು ಯಾರಾದರೂ ಬಂದರೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು. "ಕಟ್ಟೂದು ಅವರ ಕೆಲಸ, ಬಿಚ್ಚಿದ ಮ್ಯಾಲಿಂದು ನಂದು. ಎಲುಬು ಕೂಡಲಿ, ಡಾಕ್ಟರು ಹ್ಞೂಂ ಅನ್ನಲಿ, ಆಮ್ಯಾಲ ಬರ್ರಿ." ಬಿಚ್ಚಿಕೊಂಡು ಬಂದವರಿಗೆ ಅವಳ ಚಿಕಿತ್ಸೆ ಒಂದೇ. ಕೆಲಸ. ಭುಜ ಹಿಡಿದವರಿಗೆ ಮಜ್ಜಿಗೆ. ಮೊಣಕೈಗೆ ಬೀಸುಕಲ್ಲು. ಮಣಿಕಟ್ಟಿಗೆ ರೊಟ್ಟಿ. ಬೆರಳಿಗೆ ಅಕ್ಕಿ ಆರಿಸುವುದು. ಮೊಣಕಾಲು ಮಡಚದವರಿಗೆ? ಓಣಿಯಲ್ಲಿ ಯಾರ ಮನೆಯಲ್ಲಿ ಕೂಸಿದೆಯೋ ಆ ತೊಟ್ಟಿಲನ್ನು ತರಿಸಿ, ಅದರ ಹಗ್ಗವನ್ನು ರೋಗಿಯ ಕಾಲಿಗೆ ಕಟ್ಟಿಬಿಡುವುದು. "ಕೂಸು ಎದ್ದು ಅತ್ರ ಹಗ್ಗ ಜಗ್ಗಾಕ ಹತ್ತಬೇಕು, ಕೂಸು ಮಲಗಿದ್ರ ನೀವೂ ಮಲಗ್ರಿ." ಕೂಸಿನ ತಾಯಂದಿರು ಅತ್ತಿಯನ್ನು ದೇವರೆಂದೇ ತಿಳಿದಿದ್ದರು. ಉಳಿದವರು ಹಾಗೆ ತಿಳಿದಿರಲಿಲ್ಲ.

ಎಷ್ಟು ಮಾಡಬೇಕು ಎನ್ನುವುದಕ್ಕೂ ಅವಳದೊಂದು ಲೆಕ್ಕ ಇತ್ತು. "ನೋವು ಬರೂ ಮಟಾ ಹೋಗು. ಬಂತು ಅಂದ್ರ ಅದರ ಜೋಡಿ ಜಗಳಾ ಮಾಡಬ್ಯಾಡ, ಮಾತಾಡಿಸಿ ಹೊಳ್ಳಿ ಬಾ. ನಾಳೆ ಒಂದು ಜೋಳದ ಕಾಳಿನಷ್ಟು ಮುಂದ ಹೋಗು." ಇವತ್ತು ದೊಡ್ಡ ದೊಡ್ಡ ಬೋರ್ಡು ಹಾಕಿಕೊಂಡವರು ಇಂಗ್ಲಿಷಿನಲ್ಲಿ ಹೇಳುವುದೂ ಇದನ್ನೇ. ಜೋಳದ ಕಾಳು ಒಂದು ಇರುವುದಿಲ್ಲ.

ಈ ಕಾಳು ಕಾಳು ಮುಂದೆ ಹೋದದ್ದಕ್ಕೆ ದಾಖಲೆ ಬೇಕಲ್ಲ? ಅಡುಗೆಮನೆಯ ಪಕ್ಕದ ಗೋಡೆಯೇ ದಾಖಲೆ. ರೋಗಿ ಗೋಡೆಗೆ ಎದೆ ಕೊಟ್ಟು ನಿಲ್ಲಬೇಕು, ನೋವಿನ ಕೈಯನ್ನು ಎಷ್ಟು ಮೇಲೆ ಏರಿಸಬಹುದೋ ಅಷ್ಟು ಏರಿಸಬೇಕು, ಅಲ್ಲೊಂದು ಇದ್ದಿಲಿನ ಗೆರೆ. ಅತ್ತಿಗೆ ಓದು ಬರಹ ಬಾರದು. ಅದಕ್ಕೆ ಗೆರೆಯ ಪಕ್ಕ ಚಿತ್ರ. ಗೌಡರಿಗೆ ಮೀಸೆ, ಎಮ್ಮೆ ಕಾಯುವವನಿಗೆ ಕೋಡು, ಬಡಿಗನಿಗೆ ಗರಗಸ. ವರ್ಷಕ್ಕೊಮ್ಮೆ ದೀಪಾವಳಿಗೆ ಸುಣ್ಣ ಬಳಿದಾಗ ಎಲ್ಲ ಹೋಗುತ್ತಿತ್ತು. ಒಂದು ಗೆರೆ ಮಾತ್ರ ಮರುದಿನವೇ ಮತ್ತೆ ಬರುತ್ತಿತ್ತು. ಎಲ್ಲಕ್ಕಿಂತ ಕೆಳಗೆ, ದೊಡ್ಡವರ ಭುಜದ ಮಟ್ಟಕ್ಕೆ. ಅದರ ಪಕ್ಕ ಚಿತ್ರವಿಲ್ಲ.

"ಅದು ಯಾರದತ್ತಿ?" ಎಂದು ಕೇಳಿದ್ದೆ.

"ಅದು ಬುದ್ಧಿಗೇಡಿ ಒಬ್ಬಾಕಿದು. ನೀ ನಿಂದು ನೋಡ್ಕೋ."

ಗೌಡರ ಮೀಸೆ ಅಂದೆನಲ್ಲ, ಅದನ್ನು ಹೇಳದೆ ಮುಂದೆ ಹೋದರೆ ಮಾವನ ಆತ್ಮ ನನ್ನನ್ನು ಕ್ಷಮಿಸುವುದಿಲ್ಲ. ಇದು ನಾನು ಅಲ್ಲಿಗೆ ಹೋಗುವುದಕ್ಕೆ ಒಂದು ವರ್ಷ ಮೊದಲಿನ ಕಥೆ, ಮಾವನ ಬಾಯಲ್ಲಿ ನೂರು ಸಲ ಕೇಳಿದ್ದು. ಚಿಕ್ಕೇರೂರಿನ ಗೌಡರೊಬ್ಬರು ಚಕ್ಕಡಿಯಿಂದ ಬಿದ್ದು ಬಲಗೈ ಮುರಿದುಕೊಂಡರು. ಕಟ್ಟಿದವರು ಭುಜದಿಂದ ಅಂಗೈವರೆಗೆ ಕಟ್ಟಿದರು. ಎರಡು ತಿಂಗಳಾದ ಮೇಲೆ ಬಿಚ್ಚಿದರೆ ಮಣಿಕಟ್ಟು ಕೊರಡು. ಮೀಸೆ ತಿರುವಲೂ ಆಗದು. ಗೌಡರಿಗೆ ಮೀಸೆ ತಿರುವಲಾಗದಿದ್ದರೆ ಇನ್ನೇನು ಉಳಿಯಿತು? ಅತ್ತಿಯ ಮನೆಗೆ ಬಂದರು. ಅತ್ತಿ ಕೈ ನೋಡಿದಳು, ಒಳಗೆ ಕರೆದಳು, ಒಲೆಯ ಮುಂದೆ ಮಣೆ ಹಾಕಿದಳು, ಎದುರಿಗೆ ಜೋಳದ ಹಿಟ್ಟು ಇಟ್ಟಳು.

"ಗಂಡಸರ ಕೈಲೆ ರೊಟ್ಟಿ ಬಡಸ್ತಿಯೇನವ್ವಾ?"

"ಹಿಟ್ಟಿಗೇನ ಗೊತ್ರಿ ಗೌಡ್ರ, ಗಂಡಿನ ಕೈ ಯಾವುದು ಹೆಣ್ಣಿನ ಕೈ ಯಾವುದು ಅಂತ."

"ಯಾರರ ನೋಡಿದ್ರ ಏನ ಅಂದಾರು?"

"ಬಾಗಲಾ ಹಾಕೇನಿ. ಬೇಕಾರ ಮೀಸಿ ಮ್ಯಾಲ ಅರಿವಿ ಹಾಕ್ಕೋರ್ರಿ. ಬಡೀರಿ."

ಗೌಡರು ಬಡಿದರು. ಮೊದಲ ದಿನದ ರೊಟ್ಟಿ ಧಾರವಾಡ ಜಿಲ್ಲೆಯ ನಕಾಶೆಯಂತಿತ್ತಂತೆ. ಎಮ್ಮೆಗೆ ಹಾಕಿದರೆ ಎಮ್ಮೆ ಒಮ್ಮೆ ಮೂಸಿ, ತಲೆಯೆತ್ತಿ ಮಾವನ ಮುಖ ನೋಡಿತಂತೆ. ಆದರೆ ಹಿಟ್ಟು ನಾದುವಾಗ ಮಣಿಕಟ್ಟು ಹಿಂದೆ ಬಾಗಲೇಬೇಕು, ಬಡಿಯುವಾಗ ಬೆರಳು ಬಿಡಿಸಲೇಬೇಕು, ತಿರುಗಿಸುವಾಗ ಅಂಗೈ ತಿರುಗಲೇಬೇಕು. ಒಂದೂವರೆ ತಿಂಗಳಿಗೆ ರೊಟ್ಟಿ ದುಂಡಗಾಯಿತು, ಕೈ ತಿರುಗಿತು, ಮೀಸೆ ಏರಿತು. ಗೌಡರು ಒಂದು ಚೀಲ ಒಣಮೆಣಸಿನಕಾಯಿ ಕಳಿಸಿದರು. ಅದರ ಹಿಂದೆಯೇ ಗೌಡತಿ ಬಂದಳು.

"ಏನ ಮಾಡಿಟ್ರಿ ಅಕ್ಕಾರ ನಮ್ಮನಿಯವರಿಗೆ? ಉಣ್ಣಾಕ ಕುಂತ್ರ 'ಅಂಚು ದಪ್ಪಾತು, ಹಿಟ್ಟು ನಾದಿದ್ದು ಸಾಲದು' ಅಂತಾರ. ಮೂವತ್ತು ವರ್ಷ ಬಾಯಿ ಮುಚ್ಚಿ ಉಂಡಾರ ಈ ಮನಷಾ. ಮುರಿದ ಕೈಯ ಛಲೋ ಇತ್ತು."

ಅತ್ತಿ ಹೇಳಿದಳಂತೆ, "ಹಂಗಾರ ನಾಳಿಂದ ನೀವ ಬಡೀರಿ ಅನ್ನು. ಬಿಟ್ರ ಕೈ ಮತ್ತ ಹಿಡೀತೈತಿ."

ಈಗ ನನ್ನ ಕಥೆ. ನಮ್ಮ ಮನೆ ಇದ್ದದ್ದು ಹಾನಗಲ್ಲಿನಲ್ಲಿ. ನಾನು ಐದನೇ ಇಯತ್ತೆ. ನಾಗರ ಪಂಚಮಿಗೆ ನಮ್ಮ ಕಡೆ ಜೋಕಾಲಿ ಕಟ್ಟುತ್ತಾರೆ, ಗೊತ್ತಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಉಂಡಿ ತಿನ್ನುತ್ತಾರೆ, ಜೋಕಾಲಿ ಆಡುತ್ತಾರೆ. ಅತ್ತಿಯೂ ಪ್ರತಿ ಪಂಚಮಿಗೆ ನಮ್ಮ ಮನೆಗೆ ಬರುತ್ತಿದ್ದಳು. ಅವಳ ಬೆನ್ನ ಹಿಂದೆ ಮಾವನೂ ಬರುತ್ತಿದ್ದ! ಪಂಚಮಿಗೆ ಹೆಂಡತಿಯ ತವರಿಗೆ ಬಂದು ನಾಲ್ಕು ದಿನ ಕೂರುವ ಗಂಡಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಓಣಿಯ ಹೆಂಗಸರು ಬಿಡುತ್ತಿದ್ದರೇ? "ಏನ್ರಿ ಮಾವಾರ, ನೀವೂ ಜೋಕಾಲಿ ಆಡಾಕ ಬಂದ್ರೇನು? ನಾಕು ದಿನ ಹೆಂಡ್ತಿ ಬಿಟ್ಟಿರಾಕ ಆಗೂದಿಲ್ಲೇನು?" ಮಾವ ನಗುತ್ತಿದ್ದ. "ಆಗೂದಿಲ್ಲ ನೋಡ್ರವ್ವಾ, ಏನ ಮಾಡ್ಲಿ" ಎನ್ನುತ್ತಿದ್ದ. ಅತ್ತಿ ಮಾತ್ರ ಜೋಕಾಲಿಯ ಹತ್ತಿರ ಸುಳಿಯುತ್ತಿರಲಿಲ್ಲ. ಸೋಮಾರಿ ಅಲ್ಲವೇ?

ಆ ವರ್ಷದ ಪಂಚಮಿ ಮುಗಿದು ಅವರು ಊರಿಗೆ ಹೋದ ಮರುದಿನ, ಇನ್ನೂ ಬಿಚ್ಚದ ಜೋಕಾಲಿಯಿಂದ ನಾನು ಬಿದ್ದೆ. ಬಲ ಮೊಣಕೈ. ಪ್ಲಾಸ್ಟರ್ ಹಾಕಿಸಿದರು, ಸಮಯಕ್ಕೆ ಸರಿಯಾಗಿ ಬಿಚ್ಚಿಸಿದರು. ಡಾಕ್ಟರು ಕೈ ಆಡಿಸುತ್ತಿರಬೇಕು ಎಂದಿದ್ದರು. ಆದರೆ ಅಷ್ಟರಲ್ಲಿ ಶಿಗ್ಗಾವಿಯಿಂದ ನನ್ನವ್ವನ ಅವ್ವ, ನಮ್ಮ ಅಜ್ಜಿ ಬಂದಳು. ಒಂದು ಡಬ್ಬಿ ಅಂಟಿನುಂಡಿ ತಂದಿದ್ದಳು, ಎಲುಬಿಗೆ ಒಳ್ಳೆಯದೆಂದು. ಬಂದವಳೇ ನನ್ನ ಕೈಯನ್ನು ಮತ್ತೆ ಅರಿವೆಯಲ್ಲಿ ಕೊರಳಿಗೆ ಕಟ್ಟಿದಳು. "ಪಾಪ ಕೂಸು, ನೋವಾಗ್ತೈತಿ, ಅಲುಗಾಡಿಸಬ್ಯಾಡವ್ವಾ." ತುತ್ತು ಮಾಡಿ ಬಾಯಿಗಿಟ್ಟಳು. ಮುಖ ತೊಳೆದಳು. ಜಡೆ ಹಾಕಿದಳು. ನಾನು ಮಹಾರಾಣಿ. ದೀಪಾವಳಿಯವರೆಗೆ ಮಹಾರಾಣಿ.

ದೀಪಾವಳಿಗೆ ಎಣ್ಣೆ ಹಚ್ಚಲು ಅರಿವೆ ಬಿಚ್ಚಿದರೆ ಮೊಣಕೈ ಕುಡುಗೋಲಿನ ಹಾಗೆ ಬಾಗಿ ನಿಂತಿತ್ತು. ನೆಟ್ಟಗೂ ಆಗದು, ಬಾಯಿಗೂ ಮುಟ್ಟದು. ಎರಡರ ನಡುವೆ ಒಂದು ಕಡೆ ಕೂತುಬಿಟ್ಟಿದೆ. ಅಂದರೆ ನಾನು ಇನ್ನು ಜನ್ಮಪೂರ್ತಿ ಬಲಗೈಯಿಂದ ಊಟ ಮಾಡುವಂತಿಲ್ಲ, ತಲೆ ಬಾಚಿಕೊಳ್ಳುವಂತಿಲ್ಲ. ಅವ್ವ ಒಳಗೆ ಹೋಗಿ ಅತ್ತಳು. ಅಪ್ಪ ನನ್ನ ಎರಡು ಲಂಗ ಚೀಲಕ್ಕೆ ತುಂಬಿದ. ಅಜ್ಜಿ ತಂದ ಹೊಸ ಉಂಡಿಯ ಡಬ್ಬಿಯನ್ನೂ ತುಂಬಿದ. ಮಾಸೂರಿನ ಬಸ್ಸು ಹತ್ತಿಸಿ ತಾನೂ ಹತ್ತಿದ.

ಅತ್ತಿ ನನ್ನ ಕೈ ಹಿಡಿದು ನೋಡಿದಳು. ಮುಟ್ಟಿದ್ದು ಹೂವನ್ನು ಮುಟ್ಟಿದ ಹಾಗೆ. ಮಾತು ಮಾತ್ರ ಕಲ್ಲು.

"ಎಷ್ಟ ದಿನ ಕೊಳ್ಳಾಗ ಕಟ್ಟಿದ್ರು?"

ಅಪ್ಪ ಹೇಳಿದ. ಅತ್ತಿ ಅಪ್ಪನನ್ನು ನೋಡಿದ ನೋಟಕ್ಕೆ ಅಪ್ಪ ಚಪ್ಪಲಿ ಹುಡುಕತೊಡಗಿದ. ಆಮೇಲೆ ಅತ್ತಿ ಉಂಡಿಯ ಡಬ್ಬಿ ಮಾವನ ಕೈಗೆ ಕೊಟ್ಟು, "ಇದನ್ನ ನೆಲುವಿನ್ಯಾಗ ಇಡ್ರಿ" ಎಂದಳು. ನನ್ನ ಕಡೆ ತಿರುಗಿ, "ಬಲಗೈಲೆ ನಿಲುಕಿದ ದಿನ ತಿನ್ನು. ಎಡಗೈ ಹಚ್ಚಿದಿ ಅಂದ್ರ ಅದಕ್ಕೂ ಪ್ಲಾಸ್ಟರ್ ಹಾಕಸ್ತೇನಿ" ಎಂದಳು.

ನೀವೇ ಹೇಳಿ, ಹತ್ತು ವರ್ಷದ ಹುಡುಗಿಗೆ ಹೀಗೆ ಅನ್ನುವವರನ್ನು ಏನೆಂದು ಕರೆಯಬೇಕು?

ಬೆಳಿಗ್ಗೆ ಎದ್ದರೆ ಹಂಡೆಯ ಬಿಸಿನೀರಿನಲ್ಲಿ ಕೈ. ಕೈ ಮೆತ್ತಗಾದ ಮೇಲೆ ಮೊದಲ ಕೆಲಸ ಅತ್ತಿಯ ತಲೆ ಬಾಚುವುದು. ಅವಳು ನೆಲಕ್ಕೆ ಕೂರುತ್ತಿದ್ದಳು, ನಾನು ಹಿಂದೆ ಮಣೆಯ ಮೇಲೆ. ಕೂದಲು ಸೊಂಟ ದಾಟಿತ್ತು. ಹಣಿಗೆ ನೆತ್ತಿಯಿಂದ ತುದಿಯವರೆಗೆ ಇಳಿಯಬೇಕೆಂದರೆ ಮೊಣಕೈ ಮಡಚಿ ಬಿಡಿಸಲೇಬೇಕು. ಮೊದಲ ದಿನ ನಾನು ಬಾಚುವುದನ್ನು ಮಾವ ಬಾಗಿಲಲ್ಲಿ ನಿಂತು ನೋಡಿದ. "ನನ್ನ ಕೆಲಸಾ ಕಸಗೊಂಡಿ ನೋಡವ್ವಾ" ಎಂದ. ಇದೂ ಅವನ ಎಂದಿನ ಚೇಷ್ಟೆ ಎಂದುಕೊಂಡೆ.

ಆಮೇಲೆ ಮಜ್ಜಿಗೆ. ಕಂಬಕ್ಕೆ ಕಟ್ಟಿದ ಕಡಗೋಲು, ಅದಕ್ಕೆ ಸುತ್ತಿದ ಹಗ್ಗ, ಎರಡು ತುದಿ ಎರಡು ಕೈಯಲ್ಲಿ. ಎಡಗೈ ಎಳೆದರೆ ಬಲಗೈ ತಾನೇ ಮುಂದಕ್ಕೆ ಚಾಚುತ್ತದೆ. ಬಲಗೈ ಎಳೆದರೆ ತಾನೇ ಮಡಚುತ್ತದೆ. ಗಟ್ಟಿ ಕೈ ಹೆಣದಂಥ ಕೈಗೆ ನಡೆಯಲು ಕಲಿಸುತ್ತದೆ. ಅದೇ ಥೆರಪಿ, ಅದರೊಳಗೆ ಬೇರೆ ಗುಟ್ಟಿಲ್ಲ. ಮಜ್ಜಿಗೆಯಾದ ಮೇಲೆ ಬೀಸುಕಲ್ಲು. ಸಂಜೆ ಗೋಡೆ. ನನ್ನ ಗೆರೆಯ ಪಕ್ಕ ಅತ್ತಿ ಬರೆದ ಚಿತ್ರ ಒಂದು ಸೊನ್ನೆ. ಉಂಡಿಯಂತೆ ಅದು.

ನನ್ನ ಜೊತೆ ಇನ್ನೊಬ್ಬ ಕೈದಿ ಇದ್ದರು. ಸವಣೂರಿನ ಎಲೆ ವ್ಯಾಪಾರದ ಸಾಹೇಬರು. ಸವಣೂರಿನ ವೀಳ್ಯದೆಲೆ ನಮ್ಮ ಕಡೆ ಯಾರ ಬಾಯಿಗೆ ಹೊಸದು? ಲಕ್ವಾ ಹೊಡೆದು ಅವರ ಬಲಗೈ ಬಿದ್ದಿತ್ತು. ಹಂಸಭಾವಿಯಲ್ಲಿದ್ದ ಮಗಳ ಮನೆಯಲ್ಲಿ ಉಳಿದು, ಎರಡು ದಿನಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ಅವರಿಗೆ ಅತ್ತಿ ಅಕ್ಕಿ ಆರಿಸಲು ಕೊಡಲಿಲ್ಲ. "ನಿಮ್ಮ ಕೈಗೆ ಏನ ನೆನಪೈತಿ ಅದನ್ನ ತರ್ರಿ" ಎಂದಳು. ಸಾಹೇಬರು ಎಲೆಯ ಪೆಂಡಿ ತಂದರು. ಒಂದೊಂದೇ ಎಲೆ ಬಿಡಿಸುವುದು, ಒರೆಸುವುದು, ಒಂದರ ಮೇಲೊಂದು ಇಡುವುದು, ಎಲ್ಲಾ ಬಿದ್ದ ಕೈಯಿಂದಲೇ.

"ಅವ್ವಾ, ಸವಣೂರಿಂದ ಎಲಿ ಹೊತ್ತು ತಂದು ನಿಮ್ಮನ್ಯಾಗ ಜೋಡಿಸಬೇಕೇನ್ರಿ? ಎಂಥಾ ವ್ಯಾಪಾರ ಇದು?"

"ಹರಿದ ಎಲಿ ನಮಗ, ಛಲೋ ಎಲಿ ನಿಮಗ. ಇದರಾಗ ಲುಕ್ಸಾನ ಏನೈತ್ರಿ ಸಾಹೇಬ್ರ?"

ಮೊದಲ ತಿಂಗಳು ಬರೀ ಹರಿದ ಎಲೆಗಳೇ. ಓಣಿಯವರೆಲ್ಲರ ಬಾಯಿ ಕೆಂಪಗೆ. ಒಂದು ದಿನ ಸಾಹೇಬರು ಎಲೆ ಕೆಳಗಿಟ್ಟು ಕೇಳಿದರು, "ಖರೇ ಹೇಳವ್ವಾ. ಈ ಕೈ ಪೂರಾ ಬರ್ತೈತೇನು?"

ಅತ್ತಿ ಸುಳ್ಳು ಹೇಳಲಿಲ್ಲ. "ಪೂರಾ ಬರೂದಿಲ್ರಿ. ಎಲಿ ಮಡಚೂವಷ್ಟು ಬರ್ತೈತಿ."

ಸಾಹೇಬರು ಎಡಗೈಯಿಂದ ಆ ಕೈಯನ್ನು ಎತ್ತಿ ಪೆಂಡಿಯ ಮೇಲಿಟ್ಟರು. "ಎಲಿ ಮಡಚಿದ್ರ ಸಾಕವ್ವಾ. ಖುದಾ ನನಗ ಮಾಡು ಅಂದದ್ದೂ ಅಷ್ಟ" ಎಂದು ಮತ್ತೆ ಎಲೆ ಎತ್ತಿಕೊಂಡರು.

ನನಗೆ ಅಂಥ ದೊಡ್ಡ ಮನಸ್ಸಿರಲಿಲ್ಲ. ಅಪ್ಪನಿಗೆ ಕಾಗದ ಬರೆದೆ. "ಅತ್ತಿ ನನ್ನನ್ನ ಆಳಿನಂಗ ದುಡಿಸಾಕತ್ತಾಳ. ಉಂಡಿ ಕೊಡೂದಿಲ್ಲ. ಲಗೂನ ಬಂದು ಕರಕೊಂಡು ಹೋಗು." ಒಂದು ವಾರಕ್ಕೆ ಅಪ್ಪನ ಉತ್ತರ ಬಂತು. ಅದರಲ್ಲಿದ್ದದ್ದು ಒಂದೇ ಸಾಲು. "ಪ್ಲಾಸ್ಟರ್ ಬಿಚ್ಚಿದಾಗಿಂದ ಎಡಗೈಲೆ ಗೀಚುತ್ತಿದ್ದಿ, ಈ ಕಾಗದ ಬಲಗೈಲೆ ಬರೆದಂಗ ಐತಿ, ಅಕ್ಷರ ಭಾಳ ದುಂಡಗ ಅದಾವು." ನನ್ನ ಫಿರ್ಯಾದಿಯೇ ನನ್ನ ವಿರುದ್ಧ ಸಾಕ್ಷಿಯಾಯಿತು.

ಹಾಗಂತ ನಾನು ಸುಮ್ಮನಾಗಲಿಲ್ಲ. ಅದೇ ಕಾಗದವನ್ನು ಶಿಗ್ಗಾವಿಗೂ ಬರೆದೆ.

ಎಳ್ಳಮಾವಾಸ್ಯೆ ಕಳೆದು ಎರಡು ದಿನಕ್ಕೆ ಅಜ್ಜಿ ಬಂದಿಳಿದಳು. ಅವಳು ಒಳಗೆ ಬರುವ ಹೊತ್ತಿಗೆ ನಾನು ಬೀಸುಕಲ್ಲಿನ ಮುಂದೆ ಕೂತು ಜೋಳ ಬೀಸುತ್ತಿದ್ದೆ. ಬೆವರು ಬೇರೆ. ಅಜ್ಜಿಯನ್ನು ಕಂಡವಳೇ, ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚೇ ಮುಖ ಸಣ್ಣ ಮಾಡಿದೆ. ಈಗ ಒಪ್ಪಿಕೊಳ್ಳುತ್ತೇನೆ.

ಅಜ್ಜಿ ಕಟ್ಟೆಯ ಮೇಲಿದ್ದ ಅತ್ತಿಯ ಮುಂದೆ ಹೋಗಿ ನಿಂತಳು. "ಏನ್ರಿ ಬೀಗ್ತಿ, ಮುರಿದ ಕೈಲೆ ಕೂಸಿನ ಕಡಿಂದ ಬೀಸಸ್ತೀರಲ್ಲ, ನಿಮಗ ಕರುಳು ಅನ್ನೂದು ಐತೋ ಇಲ್ಲೋ? ನೀವು ಕಟ್ಟಿ ಮ್ಯಾಲ ಕುಂದರೂದು, ಕೂಸು ದುಡಿಯೂದು. ಊರ ಮಂದಿ ಅನ್ನೂದು ಖರೇನ ಐತಿ."

"ಕುಂದರ್ರಿ ಅವ್ವಾರ. ನೀರು ಕುಡೀರಿ."

"ನಿಮ್ಮನಿ ನೀರೂ ಬ್ಯಾಡ. ಹೊಳ್ಳಿ ಹೋಗೂ ಬಸ್ಸಿಗೆ ಕರಕೊಂಡು ಹೋಗ್ತೇನಿ. ಏಳವ್ವಾ, ನಿನ್ನ ಅರಿವಿ ಕಟ್ಟು."

ನಾನು ಎದ್ದು ಓಡಿಹೋಗಿ ಚೀಲ ತುಂಬಿದೆ. ಅತ್ತಿ ತಡೆಯಲಿಲ್ಲ. ಅವಳು ಗೋಡೆಯ ಕಡೆ ನೋಡುತ್ತಿದ್ದಳು. ನನ್ನ ಗೆರೆ ಮೇಲಕ್ಕೇರಿತ್ತು. ನೆಲುವಿಗೆ ಇನ್ನು ನಾಲ್ಕು ಬೆರಳು ಕಡಿಮೆ. ಈಗ ಕೈ ನಿಂತರೆ ಆ ನಾಲ್ಕು ಬೆರಳು ಹಾಗೇ ಉಳಿಯುತ್ತದೆ, ಬಿಟ್ಟರೆ ಗಳಿಸಿದ್ದೂ ಹೋಗುತ್ತದೆ. ಅದು ಅತ್ತಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಬಸ್ಸು ಮತ್ತು ಉಂಡಿ.

"ನನ್ನ ಉಂಡಿ ಡಬ್ಬಿ" ಎಂದೆ.

ನೆಲುವಿನ ಕೆಳಗೆ ತುದಿಗಾಲಲ್ಲಿ ನಿಂತು ಬಲಗೈ ಚಾಚಿದೆ, ಅತ್ತಿಯ ಕಣ್ಣೆದುರು ಎಡಗೈ ಹಚ್ಚುವ ಧೈರ್ಯ ಎಲ್ಲಿಯದು? ನಿಲುಕಲಿಲ್ಲ. ಅಜ್ಜಿಯಂತೂ ನನಗಿಂತ ಗಿಡ್ಡ. ಮಾವ ಗದ್ದೆಗೆ ಹೋಗಿದ್ದ. ಅಜ್ಜಿಗೆ ಸಿಟ್ಟು ನೆತ್ತಿಗೇರಿತು. "ತೆಂಗಿನ ಮರದಂಗ ಅದೀರಿ, ಕೂಸಿಗೆ ಒಂದು ಡಬ್ಬಿ ಇಳಿಸಿ ಕೊಡಾಕೂ ಆಗೂದಿಲ್ಲೇನ್ರಿ ನಿಮಗ? ಅದಕ್ಕೂ ಯಾರರ ಬೀಳಬೇಕೇನು?"

ಅತ್ತಿ ಕಟ್ಟೆಯಿಂದ ಇಳಿದಳು. ನೆಲುವಿನ ಹತ್ತಿರ ಬರಲಿಲ್ಲ. ಗೋಡೆಯ ಹತ್ತಿರ ಹೋದಳು. ಎದೆ ಕೊಟ್ಟು ನಿಂತಳು, ಎಲ್ಲ ರೋಗಿಗಳನ್ನೂ ಹೇಗೆ ನಿಲ್ಲಿಸುತ್ತಿದ್ದಳೋ ಹಾಗೆ. ಬಲಗೈ ಏರಿಸಿದಳು.

ಕೈ ಏರಿತು, ಏರಿತು, ಭುಜದ ಮಟ್ಟಕ್ಕೆ ಬಂದು ನಿಂತಿತು. ಬೆರಳ ತುದಿ ಸರಿಯಾಗಿ ಆ ಚಿತ್ರವಿಲ್ಲದ ಗೆರೆಯ ಮೇಲಿತ್ತು.

"ನಿಲುಕೂದಿಲ್ರಿ ಅವ್ವಾರ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನೂ ಪಂಚಮಿ ಜೋಕಾಲಿಯಿಂದನ ಬಿದ್ದಾಕಿ. ಲಗ್ನ ಆಗಿ ಮೊದಲನೇ ಪಂಚಮಿಗೆ ತವರಿಗೆ ಬಂದಿದ್ದೆ. ನಮ್ಮವ್ವ ಒಂದು ವರ್ಷ ಕೊಳ್ಳಾಗ ಕಟ್ಟಿ ಕುಂದರಿಸಿದ್ಲು. ತುತ್ತು ಮಾಡಿ ಉಣಿಸಿದ್ಲು. ಆಮ್ಯಾಲ ದೊಡ್ಡ ದವಾಖಾನಿಗೆ ಹೋದ್ರ ಅಲ್ಲಿ ನರ್ಸಬಾಯಿ ಕೈ ಹೆಂಗ ಆಡಿಸಬೇಕು ಅನ್ನೂದೆಲ್ಲಾ ತೋರಿಸಿ, 'ಮೊದಲ ಯಾಕ ಬರಲಿಲ್ಲವ್ವಾ, ಈಗ ಇದು ಇಷ್ಟ' ಅಂದ್ಲು. ನನಗ ಯಾರೂ ಬೈಲಿಲ್ರಿ. ಎಲ್ಲಾರೂ ಪಾಪ ಅಂದ್ರು."

ಕೈ ಇಳಿಸಿ ಸೆರಗು ಹೊದ್ದುಕೊಂಡಳು. "ಕರಕೊಂಡು ಹೋಗ್ರಿ. ನಿಮ್ಮ ಕೂಸು."

ಅಜ್ಜಿ ಗೋಡೆಯ ಹತ್ತಿರ ಹೋಗಿ ಆ ಗೆರೆಯನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ನನ್ನ ಕೈಯಲ್ಲಿದ್ದ ಚೀಲ ಕಸಿದುಕೊಂಡು, ಲಂಗಗಳನ್ನು ಒಂದೊಂದಾಗಿ ತೆಗೆದು ಗೂಟಕ್ಕೆ ಹಾಕಿದಳು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

"ಏನ ನೋಡ್ತಿ? ಜೋಳಾ ಅರ್ಧಾ ಉಳಿದಾವು. ಹೋಗಿ ಬೀಸು" ಎಂದಳು ಅಜ್ಜಿ. ಜನ್ಮದಲ್ಲಿ ಅವಳು ನನ್ನನ್ನು ಬೈದದ್ದು ಅದೊಂದೇ ಸಲ. ಆಮೇಲೆ ಅತ್ತಿಯ ಕಡೆ ತಿರುಗಿ, "ಈಗ ನೀರು ಕೊಡ್ರಿ" ಎಂದಳು.

ಶಿವರಾತ್ರಿಗೆ ಮೊದಲು ಒಂದು ಬೆಳಿಗ್ಗೆ ನನ್ನ ಬೆರಳಿಗೆ ಡಬ್ಬಿಯ ತಳ ತಗುಲಿತು. ಇಳಿಸಿದೆ. ಉಂಡಿ ಕಲ್ಲಾಗಿದ್ದವು, ಹಲ್ಲಿಗೆ ಬಗ್ಗಲಿಲ್ಲ. ಅತ್ತಿ ಬೀಸುಕಲ್ಲಿನ ಗೂಟದಿಂದ ಒಡೆಸಿ, ಒಡೆದದ್ದೂ ನನ್ನ ಕೈಯಿಂದಲೇ, ಎಲ್ಲರಿಗೂ ಹಂಚಿದಳು. ಸಾಹೇಬರು ತಮ್ಮ ಪಾಲನ್ನು ಆ ಬಿದ್ದ ಕೈಯಲ್ಲೇ ಹಿಡಿದು ತಿಂದರು. ನನ್ನ ಮೊಣಕೈ ಇಂದಿಗೂ ಪೂರ್ತಿ ನೆಟ್ಟಗಾಗಿಲ್ಲ, ಒಂದು ಜೋಳದ ಕಾಳಿನಷ್ಟು ಬಾಕಿ ಇದೆ. ಆದರೆ ಊಟ ಬಲಗೈಯಲ್ಲಿ, ತಲೆ ಬಾಚುವುದು ಬಲಗೈಯಲ್ಲಿ.

ಮುಂದಿನ ಪಂಚಮಿಗೆ ಅತ್ತಿ ನಮ್ಮ ಮನೆಗೆ ಬಂದಳು. ಎಂದಿನಂತೆ ಮಾವನೂ ಬಂದ. ಓಣಿಯ ಹೆಂಗಸರು ಎಂದಿನಂತೆ ಕಾಡಿದರು, "ನಾಕು ದಿನ ಬಿಟ್ಟಿರಾಕ ಆಗೂದಿಲ್ಲೇನ್ರಿ ಮಾವಾರ?" ಮಾವ ಎಂದಿನಂತೆ ನಕ್ಕ.

ಮರುದಿನ ಬೆಳಿಗ್ಗೆ ಜೋಕಾಲಿಗೆ ಎಲ್ಲರಿಗಿಂತ ಮೊದಲು ಹೋಗಬೇಕೆಂದು ನಾನು ಬೇಗ ಎದ್ದೆ. ಒಳಕೋಣೆಯ ಬಾಗಿಲು ಮುಚ್ಚಿತ್ತು, ಒಂದು ಬೆರಳಿನಷ್ಟು ಸಂದಿ. ಅತ್ತಿ ನೆಲದ ಮೇಲೆ ಕೂತಿದ್ದಳು. ಹಿಂದೆ ಮಣೆಯ ಮೇಲೆ ಮಾವ. ಗದ್ದೆಯ ಕೆಲಸ ಮಾಡಿ ಒರಟಾದ ಕೈಯಲ್ಲಿ ಹಣಿಗೆ ಹಿಡಿದು, ನೆತ್ತಿಯಿಂದ ತುದಿಯವರೆಗೆ, ಸಿಕ್ಕು ಬಂದಲ್ಲಿ ನಿಲ್ಲಿಸಿ, ಬಿಡಿಸಿ, ಮತ್ತೆ ಇಳಿಸುತ್ತಿದ್ದ. ಆಮೇಲೆ ಮೂರು ಎಳೆ ಮಾಡಿ ಜಡೆ ಹೆಣೆಯತೊಡಗಿದ. ನಮ್ಮವ್ವನಿಗಿಂತ ಚೆನ್ನಾಗಿ ಹೆಣೆಯುತ್ತಿದ್ದ.

ನನ್ನ ಕೆಲಸಾ ಕಸಗೊಂಡಿ ನೋಡವ್ವಾ.

ನಾನು ಬಾಗಿಲನ್ನು ಸದ್ದಾಗದ ಹಾಗೆ ಪೂರ್ತಿ ಎಳೆದುಕೊಂಡೆ. ಆ ವರ್ಷವೂ, ಆಮೇಲಿನ ಯಾವ ವರ್ಷವೂ, ಮಾವ ಪಂಚಮಿಗೆ ಯಾಕೆ ಬರುತ್ತಾನೆಂದು ಯಾರು ಕೇಳಿದರೂ ನಾನು ಬಾಯಿ ಬಿಡಲಿಲ್ಲ. ಇಬ್ಬರೂ ಇಲ್ಲದ ಇವತ್ತು, ನಿಮ್ಮ ಮುಂದೆ ಮೊದಲ ಸಲ ಹೇಳುತ್ತಿದ್ದೇನೆ.

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ "ಪಾಪ" ಅನ್ನದೆ, ಬೈದು, ದುಡಿಸಿ, ಅಳಿಸಿ ನಿಮ್ಮ ಕೈಯನ್ನೋ ಕಾಲನ್ನೋ ನಿಮಗೆ ಹೊಳ್ಳಿ ಕೊಟ್ಟವರು ಯಾರು? ಅವರ ಹೆಸರು ಬೇಡ, ಏನು ಕೆಲಸ ಹಚ್ಚಿದ್ದರು ಎನ್ನುವುದನ್ನು ಕೆಳಗೆ ಬರೆಯಿರಿ. ಗೋಡೆಗೆ ಒಂದೊಂದೇ ಗೆರೆ ಬೀಳಲಿ. ಎಷ್ಟು ಮೇಲೆ ಹೋಗುತ್ತದೋ ನೋಡೋಣ.